ಇಲ್ಲಣದ ಮೇಲೆ ಅರಳಿದ ಹೂವು

ದಕ್ಷಿಣ ಪೋಲೆಂಡಿನ ತಾರ್ನುಫ್ ಪಟ್ಟಣದಿಂದ ಉತ್ತರಕ್ಕೆ ಸುಮಾರು 30 ಕಿ.ಮೀ. ಹೋದರೆ ಜಾಲಿಪಿಯೆ ಎಂಬ ಹಳ್ಳಿ. ವಿಸ್ತುಲಾ, ದುನಾಯೆತ್ಸ್ ನದಿಗಳ ನಡುವಿನ ಸಪಾಟು ಸೀಮೆ. ಹೊಲಗಳ ಮಧ್ಯೆ ಅಲ್ಲೊಂದು ಇಲ್ಲೊಂದು ಮನೆ. ಬೆಟ್ಟವಿಲ್ಲ, ಕೋಟೆಯಿಲ್ಲ. ಜನ ಬರುವುದು ಗೋಡೆ ನೋಡಲು. ಮನೆ, ಕೊಟ್ಟಿಗೆ, ಬಾವಿ, ಕೊನೆಗೆ ನಾಯಿಗೂಡಿನ ಮೇಲೂ ಹೂವು!

ಈ ಸೀಮೆ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಕಾಲಕ್ಕೆ ಬಡವರ ಮರದ ಮನೆಗಳಿಗೆ ಹೊಗೆಗೂಡೇ ಇರಲಿಲ್ಲ. ಒಲೆಯ ಹೊಗೆ ಒಳಗೇ ಸುತ್ತಾಡಿ ಗೋಡೆ, ಜಂತೆಗೆಲ್ಲ ಇಲ್ಲಣ ಹಿಡಿಯುತ್ತಿತ್ತು. ಹಬ್ಬ ಬಂತೆಂದರೆ ಹೆಂಗಸರು ಆ ಕಪ್ಪಿನ ಮೇಲೆ ಸುಣ್ಣದ ಬೊಟ್ಟು ಇಡುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಹೊಗೆಗೂಡು ಬಂತು, ಗೋಡೆ ಬೆಳ್ಳಗಾಯಿತು, ಬೊಟ್ಟುಗಳು ಹೂವಾದವು. ಜೇಡಿಮಣ್ಣು, ಮಸಿ, ಸುಣ್ಣವೇ ಬಣ್ಣ, ಅಂಟಿಗೆ ಹಾಲು. ತುದಿ ಜಜ್ಜಿದ ಕಡ್ಡಿ, ದನದ ಬಾಲದ ಕೂದಲು ಕುಂಚ. ಅಂಗಡಿ ಬಣ್ಣ ಆಮೇಲಿನದು.

ಇಷ್ಟಾದರೂ ಇದು ಅಡುಗೆಮನೆಯೊಳಗಿನ ಕಸುಬಾಗಿಯೇ ಉಳಿಯುತ್ತಿತ್ತೇನೋ, ಫೆಲಿತ್ಸ್ಯಾ ತ್ಸುರಿವೋವಾ ಹುಟ್ಟದಿದ್ದರೆ. 1904ರಲ್ಲಿ ಹುಟ್ಟಿದ ಈ ರೈತ ಹೆಣ್ಣುಮಗಳಿಗೆ ಖಾಲಿ ಜಾಗ ಕಂಡರೆ ಸಮಾಧಾನವಿಲ್ಲ. ಗೋಡೆ ತುಂಬಿದ ಮೇಲೆ ಅಟ್ಟ, ಅಟ್ಟ ತುಂಬಿದ ಮೇಲೆ ಒಲೆ. ದೊಡ್ಡ ಹೂವಿನ ಸುತ್ತ ಎಲೆ, ಎಲೆಯ ಸಂದಿಗೆ ಮೊಗ್ಗು, ಮೊಗ್ಗಿನ ಪಕ್ಕ ಚುಕ್ಕೆ: ಬರೆಯುತ್ತ ಹೋದರೆ ನಿಲ್ಲಿಸುವ ಜಾಗವೇ ಇಲ್ಲ. ಮನೆಗೆ ಬಂದವರನ್ನು ಕರೆದು ತೋರಿಸಿದಳು, ಅಕ್ಕಪಕ್ಕದವರ ಕೈಗೂ ಕುಂಚ ಹಿಡಿಸಿದಳು. ಬಾತೋರಿ ಎಂಬ ಪ್ರಯಾಣಿಕರ ಹಡಗಿನೊಳಗೂ ಆಕೆಯ ಹೂಗಳು ಹೋದವು. ಓದು ಬರಹಕ್ಕಿಂತ ಹಠವೇ ಆಕೆಯ ಬಂಡವಾಳ ಎನ್ನಬೇಕು. ಆಕೆ 1974ರಲ್ಲಿ ತೀರಿಕೊಂಡಳು. ಆ ಮನೆ ಈಗ ತಾರ್ನುಫ್ ವಸ್ತುಸಂಗ್ರಹಾಲಯದ ಶಾಖೆ.

ಯುದ್ಧದಲ್ಲಿ ನಲುಗಿದ ಊರಿಗೆ ಹುರುಪು ತುಂಬಲು 1948ರಲ್ಲಿ ಚಿತ್ರದ ಮನೆಗಳ ಸ್ಪರ್ಧೆ ಶುರುವಾಯಿತು. ಈಗಲೂ ಬೇಸಿಗೆಯ ಹೊಸ್ತಿಲಲ್ಲಿ, ಕಾರ್ಪಸ್ ಕ್ರಿಸ್ಟಿ ಹಬ್ಬದ ಹೊತ್ತಿಗೆ ನಡೆಯುತ್ತದೆ. ಮಳೆಬಿಸಿಲಿಗೆ ಮಾಸಿದ ಹೂಗಳಿಗೆ ಮತ್ತೆ ಬಣ್ಣ ಬೀಳುವುದೂ ಆಗಲೇ. ‘ಚಿತ್ರಗಾರ್ತಿಯರ ಮನೆ’ ಎಂಬ ಕೇಂದ್ರದಲ್ಲಿ ಮಕ್ಕಳಿಗೆ ಕಲಿಸುತ್ತಾರೆ.

ಆದರೆ ಹೊಸದಾಗಿ ಕಟ್ಟುವ ಇಟ್ಟಿಗೆ ಮನೆಗೆ ಹಳೆ ಮರದ ಗೋಡೆಯ ಸಲುಗೆ ಎಲ್ಲಿಂದ ಬರಬೇಕು? ಎಲ್ಲ ಮನೆಗೂ ಹೂವಿಲ್ಲ. ಹೂವಿರುವ ಮನೆಗಳಲ್ಲಿ ಸಂಸಾರಗಳಿವೆ. ಅಂಗಳಕ್ಕೆ ಕಾಲಿಡುವ ಮೊದಲು ಒಂದು ಮಾತು ಕೇಳುವುದು ಒಳ್ಳೆಯದು. ಫೆಲಿತ್ಸ್ಯಾ ಇದ್ದಿದ್ದರೆ ತಾನೇ ಬಂದು ಒಳಗೆ ಕರೆಯುತ್ತಿದ್ದಳು.