ಕಾಯಕದ ನಡುವಿನ ನಗೆ

ಭಕ್ತಿಯೆಂದೊಡನೆ ಮುಚ್ಚಿದ ಕಣ್ಣು, ತಗ್ಗಿದ ದನಿ, ಗಂಭೀರವಾದ ಮುಖಮುದ್ರೆ ನೆನಪಿಗೆ ಬರುತ್ತವೆ. ನಗೆಯೆಂದೊಡನೆ ಊರ ಮುಂದಿನ ಹರಟೆಯ ಕಟ್ಟೆಯೋ ನಾಟಕದ ವಿದೂಷಕನೋ ಕಣ್ಣ ಮುಂದೆ ನಿಲ್ಲುತ್ತಾನೆ. ‘ನಗೆ ಹೋಗಿ ಹೊಗೆಯಾದೀತು’ ಎಂಬ ಹಿರಿಯರ ಎಚ್ಚರಿಕೆಯೂ ಇದಕ್ಕೆ ಸೇರಿಕೊಂಡು, ದೇವರ ಮುಂದೆ ನಗಬಾರದು, ಗುರುಗಳ ಮುಂದೆ ನಗಬಾರದು ಎಂಬ ಭಾವನೆ ಅನೇಕ ಮನೆಗಳಲ್ಲಿ ಬೇರೂರಿದೆ. ಆದರೆ ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ನಗಿಸುವುದನ್ನೇ ಕಾಯಕವಾಗಿ ಸ್ವೀಕರಿಸಿದ ಶರಣನೊಬ್ಬನಿದ್ದನೆಂಬುದನ್ನು ಈ ಭಾವನೆಯವರು ಮರೆಯಲಾಗದು. ಆತನ ಹೆಸರೇ ನಗೆಯ ಮಾರಿತಂದೆ. ‘ಆತುರವೈರಿ ಮಾರೇಶ್ವರ’ ಎಂಬುದು ಆತನ ಅಂಕಿತ. ನೂರರಷ್ಟು ವಚನಗಳು ಆತನ ಹೆಸರಿನಲ್ಲಿ ಉಳಿದುಬಂದಿವೆ.

ಬಟ್ಟೆ ಮಡಿ ಮಾಡುವವರು, ದೋಣಿ ನಡೆಸುವವರು, ಹಗ್ಗ ಹೊಸೆಯುವವರು, ನೂಲು ತೆಗೆಯುವವರು, ಭತ್ತ ಕುಟ್ಟುವವರು, ದನ ಕಾಯುವವರು ಸೇರಿದ್ದ ಆ ಗಣದಲ್ಲಿ ನಗಿಸುವವನಿಗೂ ಒಂದು ಸ್ಥಾನವಿತ್ತೆಂಬುದು ಅಲ್ಪ ಸಂಗತಿಯಲ್ಲ. ಬಟ್ಟೆಯ ಕೊಳೆಯನ್ನು ತೆಗೆಯುವುದು ಕಾಯಕವಾದರೆ ಮನಸ್ಸಿನ ಬಿಗುಪನ್ನು ತೆಗೆಯುವುದೂ ಕಾಯಕವೇ ಎಂದು ಅವರು ಒಪ್ಪಿದ್ದರೆಂದು ಇದರಿಂದ ತಿಳಿಯಬಹುದು. ಮಾರಿತಂದೆಯ ವಚನಗಳನ್ನು ಕುತೂಹಲದಿಂದ ತೆರೆದವರಿಗೆ ಮೊದಲು ಸ್ವಲ್ಪ ನಿರಾಶೆಯಾದರೂ ಆಗಬಹುದು. ಅಲ್ಲಿ ನಗೆಹನಿಗಳಿಗಿಂತ ತತ್ತ್ವದ ಮಾತು, ಬೆಡಗಿನ ಮಾತು ಹೆಚ್ಚು. ಆತ ಜನರ ನಡುವೆ ಆಡಿದ ವಿನೋದದ ಮಾತುಗಳನ್ನು ಓಲೆಗರಿಯ ಮೇಲೆ ಯಾರೂ ಬರೆದಿಡಲಿಲ್ಲ. ನಗೆಯ ಹಣೆಬರಹವೇ ಅಂಥದು. ಅದು ಹುಟ್ಟಿದ ಜಾಗದಲ್ಲಿಯೇ ಖರ್ಚಾಗಿಬಿಡುತ್ತದೆ.

ಉಳಿದ ಶರಣರ ನಗೆಯಾದರೋ ವಚನಗಳಲ್ಲಿಯೇ ಅಡಗಿದೆ. ಅದನ್ನು ಹುಡುಕಿ ತೆಗೆಯಬೇಕಾಗಿಲ್ಲ. ದಿನದ ಬದುಕನ್ನು ಬಲ್ಲವರಿಗೆ ತಾನಾಗಿ ಕಾಣಿಸುತ್ತದೆ. ಏಕೆಂದರೆ ಅವರ ಮಾತಿನ ಸಾಮಗ್ರಿಯೆಲ್ಲವೂ ಮನೆ, ಹೊಲ, ಸಂತೆ, ಅಡುಗೆಮನೆಗಳಿಂದ ಬಂದದ್ದು. ಹಬ್ಬದ ಹರಕೆಗೆಂದು ತಂದು ಕಟ್ಟಿದ ಕುರಿ ತೋರಣಕ್ಕೆಂದು ತಂದಿಟ್ಟ ಎಳೆಯ ಎಲೆಗಳನ್ನೇ ಮೇಯುತ್ತಿರುವ ನೋಟವನ್ನು ಬಸವಣ್ಣನವರು ತೋರಿಸಿದ್ದಾರೆ. ಹಳ್ಳಿಯಲ್ಲಿ ಬೆಳೆದ ಯಾರಿಗೂ ಅದು ಪರಿಚಿತ ನೋಟ. ಮೊದಲು ನಗೆ ಬರುತ್ತದೆ: ಮನೆಯವರ ಸಡಗರವೇನು, ಕುರಿಯ ಹೊಟ್ಟೆಯ ಚಿಂತೆಯೇನು! ಮರುಕ್ಷಣ ಆ ಕುರಿಗೆ ತನ್ನ ಮುಂದಿನ ಗತಿ ತಿಳಿಯದೆಂಬುದು ಹೊಳೆದು ನಗೆ ಗಂಟಲಲ್ಲಿಯೇ ನಿಲ್ಲುತ್ತದೆ. ಅದಾದ ಮೇಲೆ ಬಸವಣ್ಣನವರು ಕುರಿಯನ್ನು ಬಿಟ್ಟು ಕೊಲ್ಲುವವರ ಕಡೆಗೆ ತಿರುಗಿ, ಅವರೇನು ಉಳಿದುಕೊಂಡರೇ ಎಂದು ಕೇಳುತ್ತಾರೆ. ನಕ್ಕವನು ತಾನೂ ಅದೇ ಹಗ್ಗದ ಇನ್ನೊಂದು ತುದಿಯಲ್ಲಿರುವುದನ್ನು ಕಂಡುಕೊಳ್ಳುತ್ತಾನೆ. ಕಲ್ಲಿನ ನಾಗನಿಗೆ ಹಾಲೆರೆದು ನಿಜವಾದ ಹಾವು ಕಂಡರೆ ಕೋಲೆತ್ತುವವರನ್ನು ಕುರಿತು ಅವರು ಆಡಿದ ಮಾತೂ ಹೀಗೆಯೇ ನಗಿಸುತ್ತ ನಗಿಸುತ್ತ ಚುಚ್ಚುತ್ತದೆ. ಹಸಿದು ಬಂದ ಜಂಗಮನನ್ನು ಮುಂದೆ ಹೋಗೆಂದು, ಉಣ್ಣದ ಲಿಂಗಕ್ಕೆ ನೈವೇದ್ಯ ಹಿಡಿಯುವವರ ಚಿತ್ರವೂ ಅದರೊಡನೆಯೇ ಇದೆ.

ಜೇಡರ ದಾಸಿಮಯ್ಯನ ವಿನೋದ ಇದಕ್ಕಿಂತ ಧೈರ್ಯದ್ದು. ಆತ ನೇಯ್ಗೆಯ ಕಾಯಕದವನು, ರಾಮನಾಥನ ಭಕ್ತ. ಒಡಲಿದ್ದವನಿಗೆ ಹಸಿವು ತಪ್ಪಿದ್ದಲ್ಲ, ಒಡಲಿದ್ದವನ ಬಾಯಲ್ಲಿ ಸುಳ್ಳೂ ಬರುತ್ತದೆ ಎಂದು ಒಪ್ಪಿಕೊಂಡು, ಅದಕ್ಕಾಗಿ ತನ್ನನ್ನು ಗದರಿಸುವ ಮೊದಲು ನೀನೂ ಒಮ್ಮೆ ದೇಹ ಧರಿಸಿ ನೋಡು ಎಂದು ಆತ ದೇವರಿಗೇ ಸವಾಲು ಹಾಕುತ್ತಾನೆ. ಮಗ್ಗದ ಗುಣಿಯಲ್ಲಿ ದಿನವಿಡೀ ಕಾಲು ಇಳಿಬಿಟ್ಟು ಕುಳಿತು, ಸಂಜೆಗೆ ಬೆನ್ನು ನೆಟ್ಟಗೆ ಮಾಡಲಾರದೆ ಏಳುವವನ ಬಾಯಲ್ಲಿ ಮಾತ್ರ ಇಂಥ ಮಾತು ಹುಟ್ಟೀತು. ಇದನ್ನು ನಿಂದೆಯೆಂದು ತಿಳಿಯುವವರು ಮಾತಿನ ಧಾಟಿಯನ್ನು ಗಮನಿಸಿಲ್ಲವೆಂದೇ ಹೇಳಬೇಕು. ದೂರದ ಅರಸನೊಡನೆ ಯಾರೂ ಹೀಗೆ ಮಾತನಾಡುವುದಿಲ್ಲ. ಪಕ್ಕದಲ್ಲಿ ಕುಳಿತವನೊಡನೆ ಮಾತ್ರ ಆಡುತ್ತಾರೆ.

ದೇವರನ್ನು ಹೀಗೆ ಪಕ್ಕಕ್ಕೆ ಎಳೆದು ಕೂರಿಸಿಕೊಂಡವರಲ್ಲಿ ನುಲಿಯ ಚಂದಯ್ಯನ ಕಥೆ ಎಲ್ಲಕ್ಕಿಂತ ರಂಜಕವಾದದ್ದು. ಹುಲ್ಲು ಕೊಯ್ದು ತಂದು ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮದಾಸೋಹ ನಡೆಸುವುದು ಆತನ ನೇಮ. ಒಂದು ದಿನ ಬಗ್ಗಿ ಹುಲ್ಲು ಕೊಯ್ಯುತ್ತಿರುವಾಗ ಕೊರಳ ಲಿಂಗ ಜಾರಿ ಕೆಳಗೆ ಬಿದ್ದಿತು. ಬೇರೆಯವರಾಗಿದ್ದರೆ ಪ್ರಾಣವೇ ಹೋದಂತೆ ಹೌಹಾರುತ್ತಿದ್ದರು. ಚಂದಯ್ಯನೋ ಬಿಟ್ಟುಹೋದವರು ತಾವೇ ಬಿಟ್ಟುಹೋದರು ಎಂಬಂತೆ ಹುಲ್ಲಿನ ಹೊರೆ ಹೊತ್ತು ನಡೆದೇಬಿಟ್ಟ. ಲಿಂಗವೇ ಆತನ ಬೆನ್ನು ಹತ್ತಿ ಬಂದು ಮತ್ತೆ ಸ್ವೀಕರಿಸೆಂದು ಬೇಡಿಕೊಂಡರೂ ಆತ ಒಪ್ಪಲಿಲ್ಲ. ಕಡೆಗೆ ಮಡಿವಾಳ ಮಾಚಯ್ಯ ನಡುವೆ ಬಂದು ಬುದ್ಧಿ ಹೇಳಬೇಕಾಯಿತು. ಆಗಲೂ ಚಂದಯ್ಯ ಸುಮ್ಮನೆ ಒಪ್ಪಿದವನಲ್ಲ. ತನ್ನೊಡನೆ ಇರಬೇಕಾದರೆ ಲಿಂಗವೂ ಕಾಯಕ ಮಾಡಬೇಕು, ಹೊಸೆದ ಹಗ್ಗವನ್ನು ಮಾರಿಕೊಂಡು ಬರಬೇಕು ಎಂದು ಕರಾರು ಮಾಡಿದನಂತೆ! ಶೂನ್ಯಸಂಪಾದನೆಯನ್ನು ಸಂಕಲಿಸಿದ ಹಿರಿಯರು ಅಲ್ಲಮಪ್ರಭುಗಳ ಗಹನವಾದ ಸಂವಾದಗಳ ಜೊತೆಯಲ್ಲಿಯೇ ಈ ಪ್ರಸಂಗಕ್ಕೂ ಎಡೆ ಕೊಟ್ಟಿದ್ದಾರೆ. ದೇವರು ಹಗ್ಗದ ಹೊರೆ ಹೊತ್ತು ಬೀದಿಯಲ್ಲಿ ನಿಂತ ಚಿತ್ರವನ್ನು ನೆನೆದು ಅವರೂ ನಕ್ಕಿರಲಿಕ್ಕೆ ಸಾಕು. ಕಾಯಕಕ್ಕೆ ಗುರುವೂ ಹೊರತಲ್ಲ, ಲಿಂಗವೂ ಹೊರತಲ್ಲ ಎಂಬ ಸಿದ್ಧಾಂತವನ್ನು ಹತ್ತು ಪುಟಗಳ ವ್ಯಾಖ್ಯಾನದಲ್ಲಿ ವಿವರಿಸಬಹುದು. ಶಾಲೆಯ ಹುಡುಗನ ನೆನಪಿನಲ್ಲಿ ಉಳಿಯುವುದು ಮಾತ್ರ ಹಗ್ಗ ಮಾರಿದ ದೇವರೇ.

ಇನ್ನು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗ. ದಾಸೋಹದ ಅನ್ನ ಬೇಯುವ ಎಲ್ಲ ಸಂಸ್ಥೆಗಳೂ, ಆ ಅನ್ನಕ್ಕೆ ಅಕ್ಕಿ ಕಳಿಸುವ ಎಲ್ಲ ದಾನಿಗಳೂ ಇದನ್ನು ಮತ್ತೆ ಮತ್ತೆ ಓದತಕ್ಕದ್ದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಕಾಯಕದಲ್ಲಿ ತೊಡಗಿದವನು ಗುರು ಎದುರಿಗೆ ಬಂದರೂ ಮರೆಯಬೇಕೆಂದು ದೃಢವಾಗಿ ಸಾರಿದವನೂ ಆತನೇ. ಅಂಥವನು ಒಂದು ದಿನ ಶರಣರ ಅನುಭಾವದ ಮಾತಿನ ಸವಿಯಲ್ಲಿ ಮುಳುಗಿ ಹೊತ್ತು ಹೋದದ್ದನ್ನು ಮರೆತ. ಲಕ್ಕಮ್ಮ ಬಂದು, ಕಾಯಕ ನಿಂತುಹೋಗಿದೆ, ಎದ್ದು ಹೊರಡು ಎಂದು ನೆನಪಿಸಬೇಕಾಯಿತು. ದೊಡ್ಡ ತತ್ತ್ವವನ್ನು ಗಂಡ ಹೇಳುವುದು, ಅದನ್ನು ಹೆಂಡತಿ ನೆನಪಿಸಿಕೊಡುವುದು ಈ ನಾಡಿನ ಸಂಸಾರಗಳಲ್ಲಿ ಇಂದಿಗೂ ಅಪರೂಪವಲ್ಲ.

ಗಡಿಬಿಡಿಯಲ್ಲಿ ಹೋದ ಮಾರಯ್ಯ ಅಂದು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಡ ದಂಪತಿಗಳಿಗೆ ನೆರವಾಗಲೆಂದು ಬಸವಣ್ಣನವರೇ ಹೆಚ್ಚು ಅಕ್ಕಿ ಚೆಲ್ಲಿಸಿದ್ದರೆಂದು ಕಥೆ ಹೇಳುತ್ತದೆ. ಉಪಾಯ ಸೊಗಸಾಗಿಯೇ ಇತ್ತು. ಕೊಟ್ಟರೆ ಸ್ವೀಕರಿಸದವರಿಗೆ ಗೊತ್ತಾಗದಂತೆ ಕೊಡುವ ಉಪಾಯ. ಆದರೆ ದಿನವೂ ಅದೇ ಅಕ್ಕಿಯನ್ನು ಮೊರದಲ್ಲಿ ಹಾಕಿ ಕೇರುವ ಹೆಣ್ಣುಮಗಳ ಕಣ್ಣನ್ನು ತಪ್ಪಿಸುವುದು ಮಹಾಮಂತ್ರಿಗೂ ಆಗಲಿಲ್ಲ. ಇಷ್ಟೊಂದು ಅಕ್ಕಿಯ ಆಸೆ ನಮಗೇಕೆ, ಅದು ಅರಸರಿಗೆ ಒಪ್ಪುವ ಮಾತು ಎಂದು ಹೇಳಿ, ಹೆಚ್ಚಿನದನ್ನು ತಂದಲ್ಲಿಯೇ ಚೆಲ್ಲಿ ಬರಲು ಆಕೆ ಗಂಡನನ್ನು ಮರಳಿ ಕಳಿಸಿದಳು. ಚೆಲ್ಲಿದ್ದನ್ನು ಆಯ್ದು ತರುವವನು ಆಯ್ದದ್ದನ್ನು ಮತ್ತೆ ಚೆಲ್ಲಲು ಹೊರಟ ಈ ದೃಶ್ಯದಲ್ಲಿ ನಗೆಗೆ ಗುರಿಯಾದವರು ಯಾರು? ಬಡವನಲ್ಲ. ಕರುಣೆಯಿಂದಲೇ ಆದರೂ ಬಡವನ ಲೆಕ್ಕವನ್ನು ತಾವೇ ಬರೆಯಹೊರಟ ದೊಡ್ಡವರು. ಆ ದಂಪತಿಗಳೇ ಮುಂದೆ ಬಸವಣ್ಣನವರನ್ನೂ ಜಂಗಮಸಮೂಹವನ್ನೂ ತಮ್ಮ ಗುಡಿಸಲಿಗೆ ಕರೆದು ಉಣಬಡಿಸಿದರೆಂಬಲ್ಲಿಗೆ ಕಥೆ ಇನ್ನೊಂದು ಹೊರಳು ಪಡೆಯುತ್ತದೆ. ಕೊಡಲು ಬಂದವರು ಎಲೆಯ ಮುಂದೆ ಕುಳಿತರು, ಕೊಳ್ಳಬೇಕಾದವರು ಸೌಟು ಹಿಡಿದರು.

ದಾನ, ದಾಸೋಹ ಎಂಬ ಎರಡು ಮಾತುಗಳ ಅಂತರವನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಪಾಠ ಇನ್ನೊಂದಿಲ್ಲ. ಮಾಡಿದೆನೆಂಬ ಭಾವ ಮನಸ್ಸಿನಲ್ಲಿ ಸುಳಿದರೆ ಅದೇ ಮುಂದೆ ಕಾಡುತ್ತದೆಂಬ ಎಚ್ಚರ ಬಸವಣ್ಣನವರಿಗೂ ಇತ್ತು. ಆ ಎಚ್ಚರ ಉಳಿಯಬೇಕಾದರೆ ತನ್ನನ್ನು ನೋಡಿ ತಾನು ನಗುವ ಶಕ್ತಿ ಬೇಕು. ಹೆಸರು ಬರೆಸಿ ಕೊಟ್ಟ ಕೊಳವೆದೀಪದಲ್ಲಿ ಅಕ್ಷರ ದಪ್ಪವಾದಷ್ಟೂ ಬೆಳಕು ಕಡಿಮೆ ಎಂಬ ಹಳೆಯ ವಿನೋದವನ್ನು ಕೇಳಿ ಮೊದಲು ನಗುವ ದಾನಿಯೇ ನಿಜವಾದ ದಾಸೋಹಿ ಎನ್ನಬಹುದು. ಅಂಥವರು ಇಲ್ಲವೆಂದಲ್ಲ. ಧಾನ್ಯದ ಮೂಟೆಗಳನ್ನು ಇಳಿಸಿ, ರಸೀದಿಗೂ ಕಾಯದೆ ಗಾಡಿ ತಿರುಗಿಸಿಕೊಂಡು ಹೋಗುವ ರೈತರನ್ನು ಪ್ರಸಾದನಿಲಯಗಳ ಉಗ್ರಾಣದವರೆಲ್ಲರೂ ಬಲ್ಲರು.

ಶರಣರ ನಗೆ ಎಲ್ಲೆಡೆಯೂ ಮೃದುವೆಂದು ಭಾವಿಸಬಾರದು. ಅಂಬಿಗರ ಚೌಡಯ್ಯ ದೇವರ ಹೆಸರಿನ ಬದಲಾಗಿ ತನ್ನ ಹೆಸರನ್ನೇ ಅಂಕಿತವಾಗಿಟ್ಟುಕೊಂಡು ಡಾಂಭಿಕರನ್ನು ಬೈದ ಬಗೆ ಇಂದಿಗೂ ಕಿವಿ ಕೆಂಪಾಗಿಸುವಂಥದು. ಆದರೆ ಆತನ ಏಟು ಯಾರ ಮೇಲೆ ಬಿದ್ದಿತೆಂಬುದನ್ನು ನೋಡಬೇಕು. ವೇಷವಿದ್ದೂ ನಡೆಯಿಲ್ಲದವರ ಮೇಲೆ, ಓದಿದ್ದೂ ಅರಿಯದವರ ಮೇಲೆ, ಅಧಿಕಾರವಿದ್ದವರ ಮೇಲೆ ಅದು ಬಿದ್ದಿತು. ಶಾಲೆಯ ಕೋಣೆಯಲ್ಲಿ ಈ ವಿವೇಕ ಕೆಲವೊಮ್ಮೆ ತಲೆಕೆಳಗಾಗುವುದುಂಟು. ಎಮ್ಮೆ ಕರೆದು, ಡೇರಿಗೆ ಹಾಲು ಹಾಕಿ, ಮೂರು ಮೈಲಿ ನಡೆದು ತಡವಾಗಿ ಬಂದ ಹುಡುಗನ ಅಂಗಿಯ ಮೇಲಿನ ಸಗಣಿಯ ಕಲೆಯನ್ನು ತೋರಿಸಿ ಉಪಾಧ್ಯಾಯರು ಒಂದು ಮಾತು ಆಡಿದರೆ ಇಡೀ ತರಗತಿ ಗೊಳ್ಳೆಂದು ನಗುತ್ತದೆ. ಆ ನಗೆ ಎರಡು ನಿಮಿಷದ್ದು. ಹುಡುಗನ ಮನಸ್ಸಿನಲ್ಲಿ ಅದು ಐವತ್ತು ವರ್ಷ ಉಳಿಯುತ್ತದೆ. ಕೆಲವರು ಅದೊಂದೇ ಕಾರಣದಿಂದ ಪುಸ್ತಕ ಮಡಚಿಟ್ಟದ್ದೂ ಇದೆ. ಅದೇ ಉಪಾಧ್ಯಾಯರು, ದನ ಕಾಯುತ್ತಲೇ ವಚನಕಾರನಾದ ತುರುಗಾಹಿ ರಾಮಣ್ಣನ ಹೆಸರೆತ್ತಿ, ಇವನು ಕಾಯಕ ಮುಗಿಸಿಕೊಂಡು ಬಂದಿದ್ದಾನೆ, ಮಿಕ್ಕವರು ಬರಿಗೈಯಲ್ಲಿ ಬಂದಿದ್ದೀರಿ ಎಂದರೂ ತರಗತಿ ನಗುತ್ತದೆ. ಈ ಸಲ ಆ ಹುಡುಗನೂ ಅದರಲ್ಲಿ ಸೇರುತ್ತಾನೆ.

ಈ ವಚನಗಳು ಇಂದಿನ ಓದುಗರ ಕೈಗೆ ಬಂದದ್ದು ಫ. ಗು. ಹಳಕಟ್ಟಿಯವರಂಥವರು ಮನೆಮನೆ, ಮಠಮಠ ಅಲೆದು ಓಲೆಗರಿಗಳನ್ನು ಕೂಡಿಸಿದ್ದರಿಂದ. ಅವರ ‘ವಚನಶಾಸ್ತ್ರಸಾರ’ 1923ರಲ್ಲಿ ಬೆಳಕು ಕಂಡಿತು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹುಟ್ಟಿತು. ಮುಂದೆ 1993ರಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನ ಸಂಪುಟಗಳನ್ನು 15 ಭಾಗಗಳಲ್ಲಿ ಹೊರತಂದಿತು. ಶಾಲೆಯ ಪುಸ್ತಕಭಂಡಾರದಲ್ಲಿ ಈ ಸಂಪುಟಗಳು ಗಾಜಿನ ಬೀರುವಿನೊಳಗೆ ಕುಳಿತಿದ್ದರೆ, ಬೀಗದ ಕೈಯನ್ನು ಹುಡುಗರ ಕೈಗೆ ಸಿಗುವ ಮೊಳೆಗೆ ತೂಗುಹಾಕುವುದು ಲೇಸು. ನಗೆಯ ಮಾರಿತಂದೆಯ ಅಂಕಿತದಲ್ಲಿರುವ ‘ಆತುರವೈರಿ’ ಎಂಬ ಮಾತಿನ ಅರ್ಥವೇನೆಂದು ಅವರಲ್ಲಿ ಒಬ್ಬನಾದರೂ ಬಂದು ಕೇಳಿಯಾನು. ಊಟದ ಗಂಟೆ ಹೊಡೆದೊಡನೆ ತಟ್ಟೆ ಹಿಡಿದು ಓಡುವ ಹುಡುಗರ ನಡುವೆ ನಿಂತು ಆ ಅರ್ಥವನ್ನು ಹೇಳಬೇಕಾದ ಉಪಾಧ್ಯಾಯರಿಗೆ ಉದಾಹರಣೆಯ ಕೊರತೆ ಬೀಳಲಾರದು.