'ಏನೂ ಕಾಣಿಸ್ತಿಲ್ಲ' ಅಂದ್ರೆ 'ಏನೂ ಇಲ್ಲ' ಅಂತಲ್ಲ

ಇವತ್ತಿನ ವಿಷಯ ಊಟ ಮಾಡ್ತಾ ಕೇಳೋದಲ್ಲ, ಮೊದಲೇ ಹೇಳಿಬಿಡ್ತೀನಿ.

ಶಿವಮೊಗ್ಗದ ವಿದ್ಯಾನಗರದಲ್ಲಿ ನಮ್ಮನೆ. ಹೋದ ವರ್ಷ ಅಪ್ಪನಿಗೆ ಕೊಲೊನೋಸ್ಕೋಪಿ ಆಯ್ತು. ಆಗ ಅವರಿಗೆ 58. ಕರುಳು ಸರಿಯಾಗಿ ಖಾಲಿಯಾಗಿರ್ಲಿಲ್ಲ. "ಏನೂ ಕಾಣಿಸ್ತಿಲ್ಲ, ಇನ್ನೊಮ್ಮೆ ಬನ್ನಿ" ಅಂದರು ಡಾಕ್ಟರ್. ಅಪ್ಪ ಮನೆಗೆ ಬಂದು ಎಲ್ಲರಿಗೂ ಹೇಳಿದ್ದು, "ಏನೂ ಇಲ್ವಂತೆ"! ಜಗಳ ಆಡಿ ಮತ್ತೆ ಕರ್ಕೊಂಡು ಹೋದೆ. ಎರಡು ಪಾಲಿಪ್ ಸಿಕ್ಕವು, ಅಲ್ಲೇ ತೆಗೆದರು.

ಪಾಲಿಪ್ ಅಂದ್ರೆ ದೊಡ್ಡ ಕರುಳಿನ ಒಳಗೋಡೆಯಲ್ಲಿ ಬೆಳೆಯೋ ಸಣ್ಣ ಗಂಟು. ಎಲ್ಲವೂ ಅಪಾಯದವಲ್ಲ. ಅಡಿನೋಮ ಅನ್ನೋ ಬಗೆಯವುಗಳಲ್ಲಿ ಕೆಲವು ಮಾತ್ರ, ಸಾಮಾನ್ಯವಾಗಿ ಸುಮಾರು ಹತ್ತು ವರ್ಷದಲ್ಲಿ, ಕ್ಯಾನ್ಸರ್ ಆಗಬಹುದು. ವಯಸ್ಸಾದ ಹಾಗೆ ಜೀವಕೋಶಗಳ ಡಿಎನ್‌ಎಯಲ್ಲಿ ತಪ್ಪುಗಳು ಸೇರ್ತಾ ಹೋಗ್ತವೆ. ಅದಕ್ಕೇ 30ರವರಿಗಿಂತ 60ರವರಲ್ಲಿ ಪಾಲಿಪ್ ಜಾಸ್ತಿ ಸಿಗುತ್ತೆ.

ಆದ್ರೆ ಇರೋದು ಬೇರೆ, ಕಾಣೋದು ಬೇರೆ. ವಯಸ್ಸಾದವರಿಗೆ ಮಲಬದ್ಧತೆ, ಶುಗರ್ ಇದ್ರೆ ಕರುಳು ಶುಚಿಯಾಗೋದು ನಿಧಾನ. ಚಪ್ಪಟೆ ಪಾಲಿಪ್ ಮೇಲೆ ಮಲ ಕೂತಿದ್ರೆ ಎಂಥ ಕ್ಯಾಮೆರಾ ಇದ್ದರೇನು? ಅಂದ್ರೆ ಪಾಲಿಪ್ ಇರೋ ಸಾಧ್ಯತೆ ಹೆಚ್ಚಿರೋ ವಯಸ್ಸಲ್ಲೇ ಅದು ಕಣ್ತಪ್ಪೋ ಸಾಧ್ಯತೆನೂ ಹೆಚ್ಚು. ಬೇಧಿ ಔಷಧಿಯನ್ನ ಅರ್ಧ ಹಿಂದಿನ ರಾತ್ರಿ, ಅರ್ಧ ಪರೀಕ್ಷೆ ದಿನ ಬೆಳಿಗ್ಗೆ ಕುಡಿಯೋಕೆ ಹೇಳೋದು ಇದಕ್ಕೇ. ಬೆಳಗಿನ ಪಾಲನ್ನ ಅಪ್ಪ ಸಿಂಕಿಗೆ ಸುರಿದಿದ್ರು. ಒಪ್ಕೊಂಡಿದ್ದು ತಿಂಗಳಾದ್ಮೇಲೆ!

ಹಾಗಂತ ಇದು ಬರೀ ವಯಸ್ಸಾದವರ ವಿಷಯ ಅಲ್ಲ. 'ಬ್ಲ್ಯಾಕ್ ಪ್ಯಾಂಥರ್' ನಟ ಚಾಡ್ವಿಕ್ ಬೋಸ್‌ಮನ್ 2020ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡಾಗ 43 ವರ್ಷ. ಕಿರಿಯರಲ್ಲಿ ಈ ಕಾಯಿಲೆ ಹೆಚ್ಚಾಗ್ತಿರೋದು ನೋಡಿ ಅಮೆರಿಕದ ತಜ್ಞರ ಸಮಿತಿ 2021ರಲ್ಲಿ ತಪಾಸಣೆ ಶುರು ಮಾಡೋ ವಯಸ್ಸನ್ನ 50ರಿಂದ 45ಕ್ಕೆ ಇಳಿಸ್ತು. ನಮ್ಮಲ್ಲಿ 30 ದಾಟಿದವರಿಗೆ ಸರ್ಕಾರ ಮಾಡೋ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ, ಗರ್ಭಕಂಠಕ್ಕೆ. ದೊಡ್ಡ ಕರುಳು ಆ ಪಟ್ಟಿಯಲ್ಲಿಲ್ಲ, ನಾವೇ ಕೇಳಿ ಮಾಡಿಸ್ಬೇಕು.

ಮಲದಲ್ಲಿ ರಕ್ತ ಕಂಡ್ರೆ ಮಾತ್ರ ವಯಸ್ಸಿನ ಲೆಕ್ಕ ಹಾಕ್ಬೇಡಿ. 25 ಆಗಿದ್ರೂ ಡಾಕ್ಟರ್‌ಗೆ ತೋರಿಸಿ. ಪೈಲ್ಸ್ ಇರ್ಬೇಕು ಅಂತ ನಾವೇ ಮೆಡಿಕಲ್ ಶಾಪಿಂದ ಟ್ಯೂಬ್ ತಂದು ಹಚ್ಕೊಳ್ಳೋದು ಬೇಡ.

ನನಗೀಗ 27. ಅಪ್ಪನ ಒಂದು ಅಡಿನೋಮ 1 ಸೆಂಟಿಮೀಟರ್‌ಗಿಂತ ದೊಡ್ಡದಿತ್ತು. 60ರೊಳಗೆ ಸಿಕ್ಕಿದ್ರಿಂದ ನಾನು 45ರವರೆಗೆ ಕಾಯೋ ಹಾಗಿಲ್ಲ, 40ಕ್ಕೇ ಮಾಡಿಸ್ಬೇಕಂತೆ. ಮೊಬೈಲ್ ಕ್ಯಾಲೆಂಡರಲ್ಲಿ ಹಾಕಿಟ್ಟಿದ್ದೀನಿ.