ಕಂಪ್ಯೂಟರ್ ಮೂಕ ಆಯ್ತೇನ್ರಿ?

ಚಂದ್ರಬಂಡದ ಅಣ್ಣಾರೇ, ಅಕ್ಕಾರೇ, ಒಂದ್ ನಿಮಿಷ. ವಿಂಡೋಸ್ ಹೊಸದಾಗಿ ಹಾಕಿಸೀರಿ, ಚಿತ್ರ ಚಂದ ಬರ್ತದ, ಸೌಂಡ್ ಮಾತ್ರ ಇಲ್ಲ. ರಾಯಚೂರಿಗೆ ಹೊತ್ಕೊಂಡು ಹೋಗೋ ಮೊದ್ಲು ಇಷ್ಟು ನೋಡ್ರಿ.

ಹಿಂದ ಹಸಿರು ಜಾಕ್ ಅದ ಅಲ್ಲ, ಸ್ಪೀಕರ್ ಪಿನ್ ಅದರಾಗ ಟಕ್ ಅನ್ನೋ ತನಕ ಒತ್ರಿ. ಗುಲಾಬಿದು ಮೈಕಿಂದು.

ಈಗ ಸ್ಟಾರ್ಟ್ ಮ್ಯಾಲ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತಗೀರಿ. ಸೌಂಡ್ ಹೆಸರಿನ ಮುಂದ ಹಳದಿ ಗುರುತು ಅದ? ಡ್ರೈವರ್ ತೊಂದ್ರಿ. ಮದರ್‌ಬೋರ್ಡ್ ಮ್ಯಾಲ ಉಗುರಿನಷ್ಟು ಸೌಂಡ್ ಚಿಪ್ ಇರ್ತದ, ಬಹಳ ಕಡೆ ರಿಯಲ್‌ಟೆಕ್ ಕಂಪನೀದು. ಅಂಕಿ ರೂಪದ ಹಾಡನ್ನ ದನಿ ಮಾಡೋದು ಅದೇ. ವಿಂಡೋಸಿನ ಮಾತು ಅದಕ್ಕ ತಿಳಿಸೋದು ಡ್ರೈವರ್, ನಮ್ಮ ಗಡಿಯಾಗ ಕನ್ನಡ, ತೆಲುಗು ಎರಡೂ ಬಲ್ಲವರು ನಡುವ ನಿಂತು ಮಾತಾಡಿಸಿದಂಗ.

ಮಾಡೆಲ್ ನಂಬರ್ ನೋಡಿ, ಕಂಪ್ಯೂಟರ್ ಕಂಪನಿ ವೆಬ್‌ಸೈಟಿನಿಂದನೇ ಡ್ರೈವರ್ ಇಳಿಸ್ಕೋರಿ. ‘ಫ್ರೀ ಡ್ರೈವರ್’ ಜಾಹೀರಾತು ಮುಟ್ಟಲೇಬ್ಯಾಡ್ರಿ. ಲಿನಕ್ಸ್ ಇದ್ರ ಟರ್ಮಿನಲ್‌ನಾಗ ಆಲ್ಸಾಮಿಕ್ಸರ್ ತಗೀರಿ. ‘ಎಂಎಂ’ ಕಂಡ್ರ ಮ್ಯೂಟ್ ಆಗ್ಯದ, ಎಂ ಒತ್ರಿ.

ಕಣ್ಣು ಕಾಣದ ಮಕ್ಕಳು ಪರದೆ ಮ್ಯಾಲಿಂದು ಓದಿ ಹೇಳೋ ಎನ್‌ವಿಡಿಎ ತಂತ್ರಾಂಶದ ದನಿ ಕೇಳೇ ಕಂಪ್ಯೂಟರ್ ಕಲೀತಾರ. ಅಂಥವರ ಮನ್ಯಾಗ ಸೌಂಡ್ ಕೆಟ್ಟಿದ್ರ, ಮೊದ್ಲು ಅಲ್ಲಿಗೆ ಹೋಗಿ ಸರಿ ಮಾಡಿಕೊಡ್ರಿ.